ಛತ್ರದವನ ಲೆಕ್ಕ

ತಿರುವನಂತಪುರದ ಉಳ್ಳೂರಿನಲ್ಲಿ ನಮ್ಮ ಮನೆಗೂ ಟೀಚರ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಅವರ ಹಲಸಿನ ಎಲೆ ನಮ್ಮ ಅಂಗಳಕ್ಕೆ, ನಮ್ಮ ನುಗ್ಗೆಯ ಕಂಬಳಿಹುಳ ಅವರ ಅಂಗಳಕ್ಕೆ. ಲೆಕ್ಕ ಸಮ. ನಿವೃತ್ತಿಯಾಗಿ ಎಷ್ಟು ವರ್ಷವಾದರೂ ಈ ಊರಲ್ಲಿ ಟೀಚರ್ ಎಂದರೆ ಟೀಚರೇ. ನಾನು ‘ಸಾರ್’, ಯಾರಿಗೂ ಒಂದಕ್ಷರ ಕಲಿಸದೆ.

ಮೊನ್ನೆ ಸೋಮವಾರ ಬೆಳಿಗ್ಗೆ ಪೊರಕೆ ಹಿಡಿದುಕೊಂಡೇ ಗೋಡೆಯ ಹತ್ತಿರ ಬಂದರು. “ಸಾರೇ, ನಿನ್ನೆ ಚರ್ಚಿನಲ್ಲಿ ಪಾದ್ರಿಗಳು ಮತ್ತೆ ಒಳ್ಳೆಯ ಸಮಾರ್ಯದವನ ಕಥೆಯನ್ನೇ ಹೇಳಿದರು. ಛತ್ರದವನ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ, ನೋಡಿ.”

ನನಗೂ ಅವನ ನೆನಪಿರಲಿಲ್ಲ. ಕಥೆ ಗೊತ್ತಿದ್ದದ್ದೇ. ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಕೆಡವುತ್ತಾರೆ. ಯಾಜಕ ನೋಡಿ ಆಚೆ ಬದಿಯಿಂದ ಹೋಗುತ್ತಾನೆ, ಲೇವಿಯನೂ ಹಾಗೆಯೇ. ಯೆಹೂದ್ಯರಿಗೆ ಕಂಡರಾಗದ ಸಮಾರ್ಯದವನು ಮಾತ್ರ ನಿಂತು, ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಮುಟ್ಟಿಸುತ್ತಾನೆ. ಮರುದಿನ ಛತ್ರದವನ ಕೈಯಲ್ಲಿ ಎರಡು ಬೆಳ್ಳಿ ನಾಣ್ಯ ಇಟ್ಟು, ಹೆಚ್ಚಿಗೆ ಖರ್ಚಾದರೆ ಬರುವಾಗ ಕೊಡುತ್ತೇನೆ ಎಂದು ಹೊರಟುಬಿಡುತ್ತಾನೆ.

“ಆ ಒಂದು ನಾಣ್ಯ ಆಗಿನ ಒಂದು ದಿನದ ಕೂಲಿ. ಅಂದರೆ ಎರಡು ದಿನದ ಕೂಲಿ ಮುಂಗಡ” ಎಂದರು ಟೀಚರ್. “ಅರೆಜೀವದ ಮನುಷ್ಯ ಎದ್ದು ನಡೆಯಲು ಎಷ್ಟು ದಿನವೋ! ಗಂಜಿ ಕುಡಿಸಿದ್ದು, ಬಟ್ಟೆ ಬದಲಿಸಿದ್ದು ಎಲ್ಲ ಛತ್ರದವನು. ಸಮಾರ್ಯದವನು ವಾಪಸು ಬಂದು ಬಾಕಿ ತೀರಿಸಿದನೋ ಇಲ್ಲವೋ, ಲೂಕ ಬರೆದಿಲ್ಲ.”

ಈ ಲೆಕ್ಕ ಎಲ್ಲಿಂದ ಬಂತೆಂದು ನನಗೆ ಗೊತ್ತು. ಅವರ ಮಹಡಿಯ ಕೋಣೆಯಿಂದ. 1951ರಲ್ಲಿ ಇಲ್ಲಿ ಮೆಡಿಕಲ್ ಕಾಲೇಜು ಬಂತು, 1981ರಲ್ಲಿ ಅದರ ಬಳಿಯೇ ರೀಜನಲ್ ಕ್ಯಾನ್ಸರ್ ಸೆಂಟರ್. ಸುತ್ತಮುತ್ತಲ ಎಷ್ಟೋ ಮನೆಗಳ ಮಹಡಿ ಈಗ ರೋಗಿಗಳ ಕಡೆಯವರ ಬಿಡಾರ. ಟೀಚರ ಕೋಣೆಯಲ್ಲಿ ಈಗ ಇರುವುದು ಕಾಸರಗೋಡು ಕಡೆಯ ಕನ್ನಡದವರು: ಅಜ್ಜ, ಅಜ್ಜಿ, ಮೊಮ್ಮಗ. ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ಒಂದಿಡೀ ರಾತ್ರಿ ಕೂತು ಬಂದವರು. ಅಜ್ಜಿಗೆ ಮಲಯಾಳ ಅಷ್ಟಕ್ಕಷ್ಟೆ, ಹಾಗಾಗಿ ನಾನು ದುಭಾಷಿ. ಹುಡುಗ ಎರಡನೇ ತಿಂಗಳ ಬಾಡಿಗೆ ಊರಿಗೆ ಹೋಗಿ ಕಳಿಸುತ್ತೇನೆ ಅಂದಿದ್ದಾನಂತೆ.

“ನನ್ನ ಕೈಯಲ್ಲಿ ಬೆಳ್ಳಿ ನಾಣ್ಯವೂ ಇಲ್ಲ ಸಾರೇ, ಆಧಾರಿನ ಜೆರಾಕ್ಸ್ ಇದೆ ಅಷ್ಟೆ!”

ಇಲ್ಲಿಯ ಆಸ್ಪತ್ರೆಗಳಲ್ಲಿ ರೋಗಿಯ ಹೆಸರಿಗಿಂತ ಮೊದಲು ‘ಬೈಸ್ಟ್ಯಾಂಡರ್ ಯಾರು?’ ಎಂದು ಕೇಳುತ್ತಾರೆ. ಇಂಗ್ಲಿಷಿನವರಿಗೆ ಆ ಪದವೆಂದರೆ ಸುಮ್ಮನೆ ನಿಂತು ನೋಡುವವನು, ಅಂದರೆ ನಮ್ಮ ಯಾಜಕ, ಲೇವಿಯರ ಪೈಕಿ. ಮಲಯಾಳಿಗಳು ಅದನ್ನೇ ಎತ್ತಿಕೊಂಡು, ಮಂಚದ ಪಕ್ಕ ಚಾಪೆ ಹಾಸಿ ರಾತ್ರಿಯಿಡೀ ಡ್ರಿಪ್ ನೋಡುತ್ತ ಕೂರುವವನಿಗೆ ಇಟ್ಟಿದ್ದಾರೆ. ನಾನಂತೂ ಇಂಗ್ಲಿಷಿನ ಅರ್ಥದಲ್ಲಿ ಒಮ್ಮೆ ಬೈಸ್ಟ್ಯಾಂಡರ್ ಆದವನು. ಕೇಶವದಾಸಪುರದ ಹತ್ತಿರ ಸ್ಕೂಟರಿನಿಂದ ಬಿದ್ದ ಹುಡುಗನನ್ನು ಕಂಡು, ಪೊಲೀಸು, ಸಾಕ್ಷಿ, ಕೋರ್ಟು ಎಂದೆಲ್ಲ ಎಣಿಸುತ್ತ ಕೈಚೀಲ ಹಿಡಿದು ನಿಂತೆ. ಆಟೋದವನೊಬ್ಬ ಹುಡುಗನನ್ನು ಎತ್ತಿಕೊಂಡು ಹೋದ. ಆಮೇಲೆ ಎಣಿಸುವುದಕ್ಕೂ ನೆಪ ಉಳಿಯಲಿಲ್ಲ. ನೆರವಿಗೆ ಬಂದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟು ಕಾನೂನಿನ ಬಲ ಕೊಟ್ಟಿತು. ಇದಕ್ಕೆಂದೇ ಒಂದು ಕಾಯ್ದೆ ತಂದ ಮೊದಲ ರಾಜ್ಯ ನಮ್ಮ ಕರ್ನಾಟಕ. ಅದರ ಹೆಸರಿನಲ್ಲೂ ಈ ಸಮಾರ್ಯದವನೇ ಇದ್ದಾನೆ.

ಈ ಕಾಯ್ದೆಯ ಸುದ್ದಿಯನ್ನು ಟೀಚರಿಗೆ ಜಂಬದಿಂದ ಹೇಳಿದೆ. ಟೀಚರ್ ನಕ್ಕರು. “ಪೂಂದುರೆಯವರಿಗೆ ಯಾವ ಕಾಯ್ದೆ ಹೇಳಿತ್ತು ಸಾರೇ?”

2018ರ ಆಗಸ್ಟಿನ ಮಾತು. ಪೂಂದುರೆ, ವಿಳಿಞ್ಞಂ ಕಡೆಯ ಬೆಸ್ತರು ದೋಣಿಗಳನ್ನು ಲಾರಿಗೆ ಹೇರಿಕೊಂಡು, ನೆರೆಯಲ್ಲಿ ಮುಳುಗಿದ ಚೆಂಗನ್ನೂರಿಗೆ ಹೋದರು. ಕಡಲಿನ ದೋಣಿ ತೋಟಗಳ ಮೇಲೆ, ಕಾಂಪೌಂಡು ಗೋಡೆಗಳ ಮೇಲೆ ಓಡಿತು. ತಳ ಒಡೆಯಿತು. ಸರ್ಕಾರ ದೋಣಿಗೆ ದಿನಕ್ಕೆ 3000 ರೂಪಾಯಿ ಘೋಷಿಸಿದಾಗ, ಜೀವ ಉಳಿಸಿದ್ದಕ್ಕೆ ಕೂಲಿ ಬೇಡ ಎಂದವರೂ ಅವರಲ್ಲಿದ್ದರು. ಇಷ್ಟಾಗಿಯೂ ಅದೇ ಮನೆಗಳ ಹೆಂಗಸರು ಮೀನಿನ ಬುಟ್ಟಿ ಹಿಡಿದು ಬಸ್ಸು ಹತ್ತಿದರೆ ನಮ್ಮ ಪೇಟೆಯವರು ಮೂಗು ಮುಚ್ಚುತ್ತಿದ್ದರು. 2021ರಲ್ಲಿ ಸರ್ಕಾರಿ ಸಾರಿಗೆಯವರು ಅವರಿಗೆಂದೇ ‘ಸಮುದ್ರ’ ಎಂಬ ಉಚಿತ ಬಸ್ಸು ಬಿಟ್ಟರು. ಒಳ್ಳೆಯದೇ ಆಯಿತು. ಆದರೂ ಬೇರೆ ಬಸ್ಸೇ ಬೇಕಾಯಿತಲ್ಲ ಎಂದು ನನಗೊಂದು ಕಸಿವಿಸಿ.

ಮೂಗಿನ ಸುದ್ದಿ ಬಂದದ್ದೇ ತಡ, ಮಹಡಿಯ ಮೆಟ್ಟಿಲಿನಿಂದ ಅಜ್ಜಿಯ ದನಿ. ನನ್ನನ್ನೇ ನೋಡಿ ಹೇಳಿದರು: “ಮಾರಾಯ್ರೇ, ಇವರ ಮನೆಯ ಮೀನಿನ ವಾಸನೆ ತಲೆಗೆ ಹತ್ತುತ್ತದೆ. ಎರಡು ದಿನದಿಂದ ತುತ್ತು ಇಳಿಯುವುದಿಲ್ಲ.”

“ಅಮ್ಮೂಮ್ಮ ಏನು ಹೇಳಿದರು?” ಎಂದರು ಟೀಚರ್.

ದುಭಾಷಿಯ ಧರ್ಮ ಒಂದು, ನೆರೆಮನೆಯ ಧರ್ಮ ಇನ್ನೊಂದು. ಬಾಡಿಗೆ ಬಾಕಿ ಇರುವ ಅಜ್ಜಿಯ ಬಾಯಲ್ಲಿ ದೂರು! ಕ್ಷಣ ಯೋಚಿಸಿ, “ಕೋಣೆಗೆ ಒಳ್ಳೆಯ ಗಾಳಿ ಬರುತ್ತದಂತೆ” ಎಂದೆ.

ಟೀಚರ್ ಪೊರಕೆಯನ್ನು ಗೋಡೆಗೆ ಒರಗಿಸಿದರು. “ಮೀನ್‌ಗೆ ನಮ್ಮಲ್ಲೂ ಮೀನ್ ಅಂತಲೇ ಹೇಳುವುದು ಸಾರೇ.”

ಮರುದಿನದಿಂದ ಅವರ ಮೀನು ಹುರಿಯುವ ಬಾಣಲೆ ಅಡುಗೆಮನೆ ಬಿಟ್ಟು ಹಿಂದಿನ ವರ್ಕ್ ಏರಿಯಾಕ್ಕೆ ಹೋಯಿತು. ಅಜ್ಜಿ ಈಗ ಹೊಟ್ಟೆತುಂಬ ಉಣ್ಣುತ್ತಾರೆ. ವರ್ಕ್ ಏರಿಯಾದ ಕಿಟಕಿ ಇರುವುದು ನಮ್ಮ ಮನೆಯ ಕಡೆಗೆ.