ಪೇಬ್ಯಾಕ್ ರಾಯರು

ನಮ್ಮ ಬೀದಿಯ ತಾರಸಿಗಳ ಮೇಲೆ ಈಚೆಗೆ ಒಂದೊಂದಾಗಿ ಸೋಲಾರ್ ಪ್ಯಾನೆಲ್‌ಗಳು ಏಳುತ್ತಿವೆ. ಅವುಗಳ ವಿಷಯ ಬೀದಿಯಲ್ಲೇ ಎಲ್ಲರಿಗಿಂತ ಹೆಚ್ಚು ತಿಳಿದವರು ನಮ್ಮ ರಾಯರು. ಅವರ ತಾರಸಿ ಮಾತ್ರ ಖಾಲಿ. ಖಾಲಿ ಎಂದರೆ ಒಂದು ಸಿಂಟೆಕ್ಸ್ ಟ್ಯಾಂಕು, ಒಂದು ನೀರು ಕಾಯಿಸುವ ಸೋಲಾರು, ಬೇಸಿಗೆ ಬಂದರೆ ಸಂಡಿಗೆ.

ರಾಯರು ಬ್ಯಾಂಕಿನ ಸಾಲ ವಿಭಾಗದಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರು. ಯಾರೇ ಮನೆಯ ಕನಸು ಹೊತ್ತು ಬಂದರೂ ಅದಕ್ಕೆ ಕಂತು ಎಷ್ಟೆಂದು ಹೇಳಿ ಕಳಿಸುವುದೇ ಅವರ ಉದ್ಯೋಗವಾಗಿತ್ತು. ಪಿಂಚಣಿ ಬಂದ ಮೇಲೂ ಆ ಕೈ ಸುಮ್ಮನಿರುವುದಿಲ್ಲ. ಮಿಕ್ಸಿ ಕೊಳ್ಳಲಿ, ಮೊಮ್ಮಗನನ್ನು ಎಂಜಿನಿಯರಿಂಗಿಗೆ ಸೇರಿಸಲಿ, "ಪೇಬ್ಯಾಕ್ ಎಷ್ಟು ವರ್ಷ?" ಎಂಬುದೇ ಮೊದಲ ಪ್ರಶ್ನೆ. 'ಪೇಬ್ಯಾಕ್ ರಾಯರು' ಎಂದು ಹೆಸರಿಟ್ಟವರು ಬೀದಿಯ ಹುಡುಗರು, ರಾಯರಿಗೂ ಅದು ಗೊತ್ತು, ಬೇಸರವೇನಿಲ್ಲ.

2024ರ ಫೆಬ್ರುವರಿಯಲ್ಲಿ ಕೇಂದ್ರದವರು ಪಿಎಂ ಸೂರ್ಯಘರ್ ಯೋಜನೆ ತಂದರು. ಮೊದಲೆರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ ಎಂದದ್ದೇ ತಡ, ರಾಯರು ಎಲ್‌ಐಸಿ ಡೈರಿಯಲ್ಲಿ ಹೊಸ ಪುಟ ತೆರೆದರು. ಆ ಪುಟ ಇನ್ನೂ ಮುಗಿದಿಲ್ಲ.

ಸೋಲಾರ್ ಕಂಪನಿಯ ಹುಡುಗ ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ. ಪಾಪ, ಟೈ ಬೇರೆ ಕಟ್ಟಿಕೊಂಡಿದ್ದ. "ಅಂಕಲ್, ಮೂರು ಕಿಲೋವ್ಯಾಟ್ ಹಾಕಿಸಿಬಿಡಿ. ಎರಡು ಲಕ್ಷದ ಆಸುಪಾಸು ಆಗುತ್ತೆ, ಸಬ್ಸಿಡಿ ಕಳೆದರೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ" ಎಂದ.

"ಕಳೆದು ಅಲ್ಲಪ್ಪ. ಪೂರ್ತಿ ದುಡ್ಡು ಮೊದಲು ನಾನು ಕೊಡಬೇಕು. ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತೆ. ಅಷ್ಟು ದಿನದ ಬಡ್ಡಿ ಯಾರು ಕೊಡ್ತಾರೆ?" ಎಂದರು ರಾಯರು.

ಹುಡುಗ ಕಾಫಿ ಲೋಟ ಕೆಳಗಿಟ್ಟ. ಒಂದು ಕಿಲೋವ್ಯಾಟಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್, ಮೂರಕ್ಕೆ ತಿಂಗಳಿಗೆ ಮುನ್ನೂರರ ಮೇಲೆ, ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಎರಡು ಸಾವಿರ ಉಳಿತಾಯ, ಐದು ವರ್ಷಕ್ಕೆ ಹಾಕಿದ ದುಡ್ಡು ವಾಪಸ್ ಎಂದು ಒಂದೇ ಉಸಿರಿಗೆ ಒಪ್ಪಿಸಿದ. ರಾಯರು ಕನ್ನಡಕ ಮೇಲೇರಿಸಿ, "ಅದೇ ದುಡ್ಡನ್ನು ಎಫ್‌ಡಿ ಇಟ್ಟರೆ ಹಿರಿಯ ನಾಗರಿಕರಿಗೆ ಅರ್ಧ ಪರ್ಸೆಂಟ್ ಜಾಸ್ತಿ. ನಿಮ್ಮ ಸೂರ್ಯ ಎಷ್ಟು ಕೊಡ್ತಾನೆ?" ಎಂದು ಕೇಳಿದರು.

ಪ್ಯಾನೆಲ್‌ಗೆ ಇಪ್ಪತ್ತೈದು ವರ್ಷ ವಾರಂಟಿ ಇದೆ ಎಂದ ಹುಡುಗ. "ಅದಕ್ಕಿದೆ, ನನಗೆ?" ಎಂದು ರಾಯರು ನಕ್ಕರು. ಹುಡುಗನಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಅಷ್ಟಕ್ಕೇ ಬಿಟ್ಟರೆ ಅವರು ರಾಯರೇ ಅಲ್ಲ. ಎಲ್ಲರೂ ತಾರಸಿಗೆ ಹತ್ತಿದೆವು. ಮನೆ ಕಟ್ಟುವಾಗ ವಾಸ್ತುವಿನವರು ನೀರಿನ ಟ್ಯಾಂಕು ನೈಋತ್ಯದಲ್ಲೇ, ಅದೂ ಎತ್ತರದಲ್ಲೇ ಇರಬೇಕೆಂದು ಇಡಿಸಿದ್ದರು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಬೇಕು, ನೆರಳು ಬೀಳಲೇಬಾರದು ಎನ್ನುವುದು ಸೋಲಾರಿನ ಶಾಸ್ತ್ರ. ಮಧ್ಯಾಹ್ನ ಮೂರರ ಬಿಸಿಲಿಗೆ ಟ್ಯಾಂಕಿನ ನೆರಳು ಸರಿಯಾಗಿ ಪ್ಯಾನೆಲ್ ಬರಬೇಕಾದ ಜಾಗಕ್ಕೇ ಕಾಲು ಚಾಚಿತ್ತು. ಒಂದು ಪ್ಯಾನೆಲ್ಲಿಗೆ ನೆರಳು ಬಿದ್ದರೆ ಅದರ ಜೊತೆ ಒಂದೇ ಸಾಲಿಗೆ ಜೋಡಿಸಿದವುಗಳ ಉತ್ಪಾದನೆಯೂ ಕುಸಿಯಬಹುದು ಎಂದು ಹುಡುಗನಿಗೆ ರಾಯರೇ ಪಾಠ ಹೇಳಿದರು. ಟ್ಯಾಂಕು ಸರಿಸಿದರೆ ವಾಸ್ತು ಕೆಡುತ್ತದೆ, ಸರಿಸದಿದ್ದರೆ ಪೇಬ್ಯಾಕ್ ಕೆಡುತ್ತದೆ. ರಾಯರಿಗೆ ಇಂಥ ಇಕ್ಕಟ್ಟೆಂದರೆ ಹಬ್ಬ.

ಅಷ್ಟರಲ್ಲಿ ರಾಯರ ಮನೆಯವರು ಮೆಟ್ಟಿಲ ಬುಡದಿಂದಲೇ ಕೂಗಿದರು: "ಏನೂಂದ್ರೆ, ಮೂರು ಕಿಲೋವ್ಯಾಟಿಗೆ ಮುನ್ನೂರು ಚದರಡಿ ಅಂತ ನೀವೇ ಹೇಳಿದ್ರಿ. ಸಂಡಿಗೆ ಎಲ್ಲಿ ಒಣಗಿಸ್ಲಿ, ನಿಮ್ಮ ಡೈರಿ ಮೇಲಾ?"

ಇಷ್ಟು ಲೆಕ್ಕ ಹಾಕುವವರ ತಾರಸಿಗೆ ಬಿಸಿನೀರಿನ ಸೋಲಾರು ಹೇಗೆ ಬಂತು ಎನ್ನುತ್ತೀರಾ? ಹೊಸ ಮನೆಗೆ ಕರೆಂಟು ಬೇಕಾದರೆ ಅದು ಇರಲೇಬೇಕೆಂದು ಬೆಸ್ಕಾಂ ಕಟ್ಟುನಿಟ್ಟು ಮಾಡಿದ್ದ ಕಾಲದಲ್ಲಿ ಬಂತು. ಲೆಕ್ಕ ಹಾಕಲು ಪುರುಸೊತ್ತು ಸಿಗಲಿಲ್ಲ.

ಪಕ್ಕದ ಮನೆಯವರು ಪ್ಯಾನೆಲ್ ಹಾಕಿಸಿದ ತಿಂಗಳು ರಾಯರು ಸ್ವಲ್ಪ ಮಂಕಾಗಿದ್ದರು. ಒಂದು ಮಧ್ಯಾಹ್ನ ಬೀದಿಗೆಲ್ಲ ಕರೆಂಟು ಹೋಯಿತು. ಸುಡುಬಿಸಿಲು, ಪಕ್ಕದ ಮನೆಯ ತಾರಸಿ ಥಳಥಳ ಹೊಳೆಯುತ್ತಿದೆ, ಕೆಳಗೆ ಅವರ ಫ್ಯಾನೂ ನಿಂತಿದೆ. ಆ ಮನೆಯವರು ಬೆವರೊರೆಸಿಕೊಳ್ಳುತ್ತಾ ಹೊರಗೆ ಬಂದದ್ದೇ ರಾಯರ ಮುಖ ಅರಳಿತು. ಲೈನ್ ಸತ್ತಾಗ ಬ್ಯಾಟರಿಯಿಲ್ಲದ ಆನ್‌ಗ್ರಿಡ್ ಸೋಲಾರೂ ತಾನೇ ಆಫ್ ಆಗುತ್ತದೆ, ಇಲ್ಲದಿದ್ದರೆ ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆದೀತು ಎಂದು ಗೇಟಿನ ಬಳಿಯೇ ವಿವರಿಸಿದರು. ಇದನ್ನು ಮೊದಲೇ ಹೇಳಬಾರದಿತ್ತೇ ಎಂದರೆ, "ನೀವು ಕೇಳಲಿಲ್ಲವಲ್ಲ" ಎಂದರು.

ರಾಯರನ್ನು ಪುಕ್ಕಲು ಎಂದುಕೊಳ್ಳಬೇಡಿ. ಅವರ ಲೆಕ್ಕ ತಪ್ಪುವುದಿಲ್ಲ ಎನ್ನುವುದೇ ನಮ್ಮೆಲ್ಲರ ತೊಂದರೆ. ಅವರದು ಗಂಡಹೆಂಡತಿ ಇಬ್ಬರೇ ಇರುವ ಮನೆ. ತಿಂಗಳಿಗೆ ನೂರೈವತ್ತು ಯೂನಿಟ್ ದಾಟಿದರೆ ಹೆಚ್ಚು. 2023ರಲ್ಲಿ ರಾಜ್ಯದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಬಂದಾಗಿನಿಂದ ಬಿಲ್ಲು ಸೊನ್ನೆ. ಇನ್ನೂರು ದಾಟಿದರೆ ಪೂರ್ತಿ ಬಿಲ್ಲು ಬೀಳುತ್ತದೆಂದು ರಾಯರು ಟಾರ್ಚು ಹಿಡಿದು ಮೀಟರ್ ನೋಡುತ್ತಾರೆ. ಮಗಳ ಸಂಸಾರ ರಜೆಗೆ ಬಂದಿಳಿದ ತಿಂಗಳು ಮನೆಯಲ್ಲಿ ಗ್ರೈಂಡರು ತಿರುಗುವುದಿಲ್ಲ, ಹೋಟೆಲಿನಿಂದ ಇಡ್ಲಿ ಬರುತ್ತದೆ. ಇಡ್ಲಿಯ ಖರ್ಚು ಡೈರಿಯಲ್ಲಿ ಬೇರೆ ಪುಟ.

ಸೊನ್ನೆ ಬಿಲ್ಲಿನಲ್ಲಿ ಉಳಿಸುವುದಾದರೂ ಏನನ್ನು? ಹೆಚ್ಚಾದ ಕರೆಂಟನ್ನು ಬೆಸ್ಕಾಂಗೆ ಮಾರೋಣವೆಂದರೆ ಅವರು ನಮಗೆ ಕೊಡುವ ದರ, ನಮ್ಮಿಂದ ತೆಗೆದುಕೊಳ್ಳುವ ದರಕ್ಕಿಂತ ತೀರಾ ಕಮ್ಮಿ. ಹಾಗಾಗಿ ರಾಯರ ಮನೆಗೆ ಪ್ಯಾನೆಲ್ ದಂಡ. ಇದು ಮೊದಲ ವಾರವೇ ಡೈರಿಯಲ್ಲಿ ಬಂದ ಉತ್ತರ. ಆದರೂ ಲೆಕ್ಕ ನಿಂತಿಲ್ಲ. ಪ್ಯಾನೆಲ್ ಬೆಲೆ ಮುಂದೆ ಇನ್ನೂ ಇಳಿಯುತ್ತದಂತೆ, ಮಗ ಕಾರು ಕೊಂಡರೆ ಚಾರ್ಜಿಂಗು ಬೇಕಾದೀತಂತೆ, ಗೃಹಜ್ಯೋತಿಯೇ ನಿಂತುಹೋದರೆ ಏನು ಗತಿಯಂತೆ.

ನೀವು ಅಷ್ಟು ದೂರ ಹೋಗಬೇಡಿ. ತಾರಸಿ ನಿಮ್ಮದೇ ಆಗಿದ್ದು, ನೆರಳಿಲ್ಲದೆ, ಬಿಲ್ಲು ತಿಂಗಳಿಗೆ ಎರಡು ಸಾವಿರ ಮುಟ್ಟುತ್ತಿದ್ದರೆ ಹಾಕಿಸಿಬಿಡಿ. ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತಿದ್ದರೆ ಸದ್ಯಕ್ಕೆ ಬೇಡ. ಇನ್ನೂ ಅನುಮಾನವಿದ್ದರೆ ಬಿಲ್ಲು ಹಿಡಿದು ಸಂಜೆ ಐದರ ಮೇಲೆ ರಾಯರ ಮನೆಗೆ ಬನ್ನಿ. ಸಲಹೆ ಪುಕ್ಕಟೆ, ಎರಡು ಗಂಟೆ ಮಾತ್ರ ಕೈಯಲ್ಲಿಟ್ಟುಕೊಂಡು ಬನ್ನಿ.