ಚಲಕಪಾಟ ಮೀಮಾಂಸೆ: ಓಡುವ ಗಾಡಿಯಲ್ಲಿ ಬಾಗಿಲು ಮತ್ತು ಡ್ರಾಯರ್‌ಗಳ ನಿಗ್ರಹ ಕುರಿತು ಒಂದು ಸಾಂಸ್ಕೃತಿಕ ಮರುಚಿಂತನೆ

ಚಲನಶೀಲ ವಸತಿಯ ಒಳಗಿನ ಕಪಾಟೀಯ ಅವಕಾಶವು ತನ್ನ ಮುಚ್ಚುವಿಕೆಯನ್ನು ತಾನೇ ನಿರಾಕರಿಸುವ ಪ್ರಕ್ರಿಯೆಯನ್ನು ನಾಲ್ಕು ತಾಲ್ಲೂಕುಗಳ ರಸ್ತೆ-ಸಂಕಥನದ ನೆಲೆಯಲ್ಲಿ ಮರುನಿರ್ವಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿರುತ್ತದೆ. ಬಿಡಿಸಿ ಹೇಳುವ ರೂಢಿ ನಮ್ಮ ವಿದ್ವದ್ವಲಯದಲ್ಲಿ ಇಲ್ಲ. ಆದರೂ ಹೇಳುತ್ತೇನೆ: ಗಾಡಿ ಹಂಪ್ಸ್ ಮೇಲೆ ಎಗರಿದಾಗ ಕಪಾಟಿನ ಬಾಗಿಲು ತೆರೆದುಕೊಂಡು ಡಬ್ಬ ತಲೆ ಮೇಲೆ ಬೀಳುತ್ತದಲ್ಲ, ಅದಕ್ಕೇನು ಮಾಡಬೇಕು?

ಮೊದಲಿಗೆ, ಪದ್ಧತಿಯಂತೆ, ಅಧ್ಯಯನ ಪ್ರದೇಶದ ಹಿನ್ನೆಲೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಮ್ಮ ವ್ಯಾಪ್ತಿ. ರಾಮನಗರದ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಮಾಗಡಿ ತಾಲ್ಲೂಕಿನ ಸಾವನದುರ್ಗ 1226 ಮೀಟರ್ ಎತ್ತರ. ರಾಮದೇವರ ಬೆಟ್ಟದ ಸುತ್ತ ಚಿತ್ರೀಕರಿಸಿದ ‘ಶೋಲೆ’ 1975ರಲ್ಲಿ ತೆರೆಕಂಡಿತು. ಇದಕ್ಕೂ ಕಪಾಟಿನ ಚಿಲಕಕ್ಕೂ ಏನು ಸಂಬಂಧ ಎಂದು ಕೇಳುವವರು ಪಿಎಚ್‌ಡಿ ಪ್ರಬಂಧ ಓದಿದವರಲ್ಲ. ಮೊದಲ ಅಧ್ಯಾಯಕ್ಕೆ ಸಂಬಂಧ ಇರಬಾರದು ಎಂಬುದೇ ನಿಯಮ. ಜಿಲ್ಲೆ 2007ರಲ್ಲಿ ಹುಟ್ಟಿತು, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣವಾಯಿತು. ಹಂಪ್ಸ್‌ಗಳು ಮಾತ್ರ ಇದ್ದಲ್ಲೇ ಇವೆ.

ಪ್ರಾಥಮಿಕ ಆಕರ, ನಮ್ಮ ಷಡ್ಡಕರ ಹಳೇ ಟೆಂಪೋ ಟ್ರಾವೆಲರ್. ಹಿಂದಿನ ಸೀಟುಗಳನ್ನು ಕೀಳಿಸಿ, ಪ್ಲೈವುಡ್ಡಿನಲ್ಲಿ ಒಲೆಕಟ್ಟೆ, ಅದರಡಿ ಮೂರು ಡ್ರಾಯರು, ತಲೆಯ ಮೇಲೆ ಸಾಲು ಕಪಾಟು ಮಾಡಿಸಿದ್ದಾರೆ. ಅವರ ಬಾಯಲ್ಲಿ ಅದು ಕ್ಯಾಂಪರ್ ವ್ಯಾನ್, ಡ್ರೈವರ್ ಬಾಯಲ್ಲಿ ‘ಅಡುಗೆಮನೆ ಗಾಡಿ’. ಇಂಥ ಗಾಡಿಗಳಿಗೆಂದೇ ನಮ್ಮ ದೇಶದಲ್ಲಿ ಎಐಎಸ್-124 ಎಂಬ ಮಾನದಂಡವಿದೆ. ಕೆಲಸ ಮಾಡಿದ ಬಡಗಿಯನ್ನು ಅದು ತಲುಪಿರಲಿಲ್ಲ. ಆರ್‌ಟಿಓ ಕಾಗದಪತ್ರಗಳು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ವರ್ಗೀಕರಣ. ಕಪಾಟು ತಾನಾಗಿ ತೆರೆದುಕೊಳ್ಳುವುದನ್ನು ನಾವು ‘ಸ್ವಯಮುದ್ಘಾಟನೆ’ ಎನ್ನೋಣ. ಇದಕ್ಕೆ ಟೇಪು, ಕತ್ತರಿ, ಗಣ್ಯರು ಬೇಕಿಲ್ಲ. ಇದು ಪಂಚವಿಧ: ಪುರೋಗಾಮಿ, ಪಾರ್ಶ್ವಿಕ, ಊರ್ಧ್ವಮುಖಿ, ಕಂಪನಜನ್ಯ ಮತ್ತು ಮಾನುಷ.

ಪುರೋಗಾಮಿ ಎಂದರೆ ಬ್ರೇಕು ಹೊಡೆದಾಗ ಆಗುವುದು. ಗಾಡಿ ನಿಲ್ಲುತ್ತದೆ, ಗಾಡಿಯೊಳಗಿನ ಸಾಮಾನಿಗೆ ಆ ಸುದ್ದಿ ತಡವಾಗಿ ಮುಟ್ಟುತ್ತದೆ. ನ್ಯೂಟನ್ ಇದನ್ನು 1687ರಲ್ಲೇ ಬರೆದಿಟ್ಟಿದ್ದಾನೆ. ಆದ್ದರಿಂದ ಮುಂದಕ್ಕೆ ಮುಖಮಾಡಿದ ಕಪಾಟಿನಲ್ಲಿ ಏನನ್ನೂ ಇಡಬಾರದು. ಇಟ್ಟರೆ ಅದು ಡ್ರೈವರ್ ಕತ್ತಿನ ಪಟ್ಟಿಗೆ ಬಂದು ತಗಲುತ್ತದೆ.

ಪಾರ್ಶ್ವಿಕವು ತಿರುವಿನ ಫಲ. ಕನಕಪುರದಿಂದ ಸಂಗಮಕ್ಕೆ ಇಳಿಯುವ ದಾರಿಯಲ್ಲಿ ಗಾಡಿ ಎಡಕ್ಕೆ ಹೊರಳಿದರೆ ಎಡಬದಿಯ ಡ್ರಾಯರು ಬಾಯಿ ಬಿಡುತ್ತದೆ, ಬಲಕ್ಕೆ ಹೊರಳಿದರೆ ದಢಾರನೆ ಮುಚ್ಚುತ್ತದೆ. ತಪ್ಪು ಟೆಲಿಸ್ಕೋಪಿಕ್ ಚಾನೆಲ್ಲಿನದು. ಒಳಗೆ ಉಕ್ಕಿನ ಗುಂಡುಗಳಿರುವ ಈ ಚಾನೆಲ್ ಕಿರುಬೆರಳಲ್ಲಿ ಎಳೆದರೂ ಬರಲೆಂದೇ ಮಾಡಿದ್ದು. ಮನೆಗೆ ಅದು ಗುಣ, ಗಾಡಿಗೆ ಅದೇ ದೋಷ. ಮಳೆಗಾಲದಲ್ಲಿ ಉಬ್ಬಿಕೊಂಡು ಇಬ್ಬರು ಎಳೆದರೂ ಜಪ್ಪಯ್ಯ ಅನ್ನದಿದ್ದ ಅಜ್ಜಿ ಮನೆಯ ಮೇಜಿನ ಡ್ರಾಯರೇ ಪ್ರಯಾಣಕ್ಕೆ ಸರ್ವೋತ್ತಮ ಎಂಬುದು ನಮ್ಮ ಸಿದ್ಧಾಂತ.

ಊರ್ಧ್ವಮುಖಿಯೇ ನಮ್ಮ ನಾಡಿನ ವಿಶಿಷ್ಟ ಕೊಡುಗೆ. ಹೊರದೇಶದ ವ್ಯಾನುಗಳಲ್ಲಿ ಒಂದು ಜಾಣ ಉಪಾಯವಿದೆ: ಡ್ರಾಯರಿನ ತಳಕ್ಕೆ ಒಂದು ಕಚ್ಚು ಕೊರೆದಿರುತ್ತಾರೆ. ಅದು ಚೌಕಟ್ಟಿನ ಮೇಲೆ ಕೂತಿರುತ್ತದೆ. ಸ್ವಲ್ಪ ಮೇಲಕ್ಕೆತ್ತಿ ಎಳೆದರೆ ಮಾತ್ರ ಬರುತ್ತದೆ. ಷಡ್ಡಕರು ಇದನ್ನೇ ಮಾಡಿಸಿದರು. ಮಾಗಡಿ ರಸ್ತೆಯ ಮೊದಲ ಹಂಪ್ಸಿನಲ್ಲೇ ಎತ್ತುವ ಕೆಲಸವನ್ನು ರಸ್ತೆ ಮಾಡಿತು, ಎಳೆಯುವ ಕೆಲಸವನ್ನು ಹಂಪ್ಸ್ ಇಳಿಯುವಾಗಿನ ಓಲಾಟ ಮಾಡಿತು. ಚಮಚ, ಸೌಟು, ಈಳಿಗೆ ಸಮೇತ ಡ್ರಾಯರು ನಡುದಾರಿಗೆ ಬಂತು. ಅದೇ ಏಟಿಗೆ ಮೇಲಿನ ಕಪಾಟಿನ ಮ್ಯಾಗ್ನೆಟ್ ಬಿಟ್ಟುಕೊಂಡು ರಾಗಿಹಿಟ್ಟಿನ ಡಬ್ಬ ಉರುಳಿತು. ಮುಚ್ಚಳ ಒಂದು ಕಡೆ, ಡಬ್ಬ ಒಂದು ಕಡೆ. ಹಿಟ್ಟು ಮಾತ್ರ ಎಲ್ಲ ಕಡೆ, ಅತ್ತೆಯವರ ಕನ್ನಡಕದ ಗಾಜಿನ ಮೇಲೂ. ಅವರು ಕನ್ನಡಕ ತೆಗೆದಾಗ ಕಣ್ಣಿನ ಸುತ್ತ ಎರಡು ಸ್ವಚ್ಛ ವೃತ್ತಗಳಿದ್ದವು. “ಇದಕ್ಕಿಂತ ಬಸ್ಸೇ ವಾಸಿಯಿತ್ತಲ್ಲಪ್ಪ” ಅಂದರು. ಸಂಶೋಧನಾ ಪರಿಭಾಷೆಯಲ್ಲಿ ಇದಕ್ಕೆ ‘ಆವೇದಕರ ಪ್ರತಿಕ್ರಿಯೆ’ ಎನ್ನುತ್ತಾರೆ.

ಉಳಿದೆರಡು ವಿಧಗಳನ್ನು ಸ್ಥಳಾಭಾವದಿಂದ ಬಿಟ್ಟಿದೆ. ನಿಜ ಹೇಳಬೇಕೆಂದರೆ ನನಗೇ ಬೇಜಾರಾಯಿತು.

ನಿಗ್ರಹೋಪಾಯಗಳಲ್ಲಿ ಅಧಮವಾದದ್ದು ಮ್ಯಾಗ್ನೆಟ್. ಬಡಗಿಗಳು ಅದನ್ನೇ ಮೊದಲು ಹಾಕುವುದು, ಅಗ್ಗವೆಂದು. ಅದು ಬಾಗಿಲನ್ನು ಹಿಡಿದುಕೊಳ್ಳಬಲ್ಲದು, ಬಾಗಿಲಿಗೆ ಒರಗಿದ ಎರಡು ಕೆಜಿ ಬೆಲ್ಲವನ್ನಲ್ಲ. ಆದ್ದರಿಂದ ಬಾಗಿಲಿಗಿಂತ ಮೊದಲು ಸಾಮಾನನ್ನು ಹಿಡಿಯಬೇಕು: ಅಟ್ಟದ ಅಂಚಿಗೆ ಎರಡು ಅಂಗುಲದ ಮರದ ಪಟ್ಟಿ ಹೊಡೆದರೆ ಡಬ್ಬ ಬಾಗಿಲವರೆಗೆ ಜರುಗುವುದೇ ಇಲ್ಲ. ಅಕ್ಕಿ, ಕುಕ್ಕರು, ನೀರಿನ ಕ್ಯಾನು ನೆಲಮಟ್ಟಕ್ಕೆ. ಹಪ್ಪಳ, ಚಕ್ಕುಲಿ ಮೇಲಕ್ಕೆ. ತಟ್ಟೆಗಳ ನಡುವೆ ಹಳೇ ಪಂಚೆಯ ತುಂಡು. ಪುಷ್ ಲಾಕ್ ಒಳ್ಳೆಯದು, ಆದರೆ ಅದನ್ನು ಒತ್ತಿ ಮುಚ್ಚಲು ಮನೆಯವರಿಗೆಲ್ಲ ನೆನಪಿರಬೇಕು. (ಇದೇ ಮಾನುಷ ವಿಧ. ಬಿಟ್ಟೆನೆಂದರೂ ಬಿಡಲಿಲ್ಲ.)

ಅತ್ಯುತ್ತಮ ಉಪಾಯ ಡ್ರೈವರ್ ಅಣ್ಣನದು. ನಾವು ಚಿಲಕಗಳ ತುಲನಾತ್ಮಕ ಅಧ್ಯಯನದಲ್ಲಿ ಮುಳುಗಿದ್ದಾಗ ಅವನು ಸೀಟಿನಡಿಯಿಂದ ಹಳೇ ಸೈಕಲ್ ಟ್ಯೂಬ್ ತೆಗೆದು, ಬಳೆ ಬಳೆ ಕತ್ತರಿಸಿ, ಎರಡೆರಡು ಹಿಡಿಗಳಿಗೆ ಸೇರಿಸಿ ಸಿಕ್ಕಿಸಿದ. “ಬುಡಿ ಸಾ, ಇನ್ನೇನೂ ಆಗಕಿಲ್ಲ” ಅಂದ. ಆಗಲಿಲ್ಲ. ರಾಮನಗರದ ಮಾರುಕಟ್ಟೆಗೆ ಟಿವಿಎಸ್ ಮೇಲೆ ರೇಷ್ಮೆಗೂಡು ತರುವವರೂ ಮೂಟೆಯನ್ನು ಇದೇ ಟ್ಯೂಬಿನಲ್ಲಿ ಬಿಗಿದಿರುತ್ತಾರೆ. ಅವರಾರೂ ಇದರ ಬಗ್ಗೆ ಪ್ರಬಂಧ ಮಂಡಿಸಿಲ್ಲ.

ರಸ್ತೆಯ ಬಗ್ಗೆ ಮಂಡಿಸಿದವರನ್ನು ನಾನು ಕೇಳಿದ್ದೇನೆ. ಒಂದು ವಿಚಾರ ಸಂಕಿರಣದಲ್ಲಿ, ಊಟದ ಹೊತ್ತು ಮೀರಿದ ಮೇಲೂ, ವಿದ್ವಾಂಸರೊಬ್ಬರು ರಸ್ತೆಯನ್ನು ಪಠ್ಯವಾಗಿ ಓದುತ್ತಿದ್ದರು. ಹಂಪ್ಸ್ ಎಂಬುದು ಪ್ರಭುತ್ವವು ವೇಗದ ಮೇಲೆ ಬರೆದ ಅಲ್ಪವಿರಾಮ ಎಂದರು. ಸಭೆ ಚಪ್ಪಾಳೆ ತಟ್ಟಿತು. ಅಲ್ಪವಿರಾಮವಂತೆ! ದಿನ ತುಂಬಿದ ಬಸುರಿಯನ್ನು ಕೂರಿಸಿಕೊಂಡು ರಾತ್ರಿ ಹೊತ್ತು ಆಸ್ಪತ್ರೆಗೆ ಓಡುವ ಆಟೋದವನನ್ನು ಕೇಳಿ, ಅದು ಯಾವ ವಿರಾಮ ಎಂದು ಹೇಳುತ್ತಾನೆ. ಹೆಲ್ಮೆಟ್ಟಿಲ್ಲದೆ ಹಿಂದೆ ಕೂತಿದ್ದ ಹೆಂಡತಿ ಬಿದ್ದದ್ದು ಗೊತ್ತಾಗದೆ ಮುಂದೆ ಹೋದ ಗಂಡನನ್ನು ಕೇಳಿ.

ಹಂಪ್ಸ್ ಹೇಗಿರಬೇಕೆಂದು ಯಾರಿಗೂ ತಿಳಿಯದ ವಿಷಯವೇನಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 99 ಮಾರ್ಗಸೂಚಿ 1988ರಲ್ಲೇ ಬರೆದಿಟ್ಟಿದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಬೆನ್ನು 17 ಮೀಟರ್ ತ್ರಿಜ್ಯದ ವೃತ್ತದ ತುಂಡು. ಹಾಗಿದ್ದರೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ದಾಟಬಹುದು. ಕಪ್ಪುಬಿಳುಪು ಪಟ್ಟೆ ಬಳಿಯಬೇಕು, ಮುಂಚೆ ಒಂದು ಬೋರ್ಡು ನೆಡಬೇಕು. ನಮ್ಮಲ್ಲಿ ಎತ್ತರವಿದೆ, ಅಗಲವಿಲ್ಲ. ಮಿಕ್ಕ ಡಾಂಬರನ್ನು ಅಡ್ಡ ಸುರಿದು ರೋಲರ್ ಕೂಡ ಓಡಿಸದೆ ಹೋದಂತಿರುತ್ತದೆ. ಬಣ್ಣ ಬಳಿದಿದ್ದರೆ ಅದು ಯಾವುದೋ ಚುನಾವಣೆಯ ಹಿಂದಿನ ಬಣ್ಣ.

ಹಂಪ್ಸ್ ಬೇಡವೆಂದು ಹೇಳುವ ಧೈರ್ಯವೂ ನನಗಿಲ್ಲ. ಪ್ರತಿ ಹಂಪ್ಸಿನ ಪಕ್ಕದ ಅಂಗಡಿಯವರಿಗೂ ಒಂದು ಕಥೆ ಗೊತ್ತಿರುತ್ತದೆ. ಶಾಲೆಗೆ ಹೊರಟ ಮಗು, ಹಾಲಿನ ಕ್ಯಾನು ಹೊತ್ತ ಮುದುಕ. ಊರವರು ಅರ್ಜಿ ಕೊಡುತ್ತಾರೆ, ಯಾರೂ ಬರುವುದಿಲ್ಲ. ಹೆಣ ಬಿದ್ದು ರಸ್ತೆ ತಡೆ ಮಾಡಿದ ರಾತ್ರಿ ಹಂಪ್ಸ್ ಬರುತ್ತದೆ. ಅಷ್ಟು ಅವಸರದಲ್ಲಿ 17 ಮೀಟರ್ ತ್ರಿಜ್ಯ ಅಳೆಯುವವರು ಯಾರು? ಹೀಗೆ, ಒಂದು ಜೀವ ಹೋದ ಜಾಗದಲ್ಲಿ ಇನ್ನೊಬ್ಬರ ಸೊಂಟ ಮುರಿಯಲು ಏರ್ಪಾಡಾಗುತ್ತದೆ. ನಮ್ಮ ರಾಗಿಹಿಟ್ಟು ಇದರ ಮುಂದೆ ಏನೂ ಅಲ್ಲ.

ಹಂಪ್ಸಿಲ್ಲದ ರಸ್ತೆಯೂ ನಮ್ಮ ವ್ಯಾಪ್ತಿಯಲ್ಲಿದೆ. 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಅಲ್ಲಿ ಕಪಾಟಿಗೆ ಮ್ಯಾಗ್ನೆಟ್ಟೂ ಸಾಕು. ಆದರೆ ಅದು ರಾಮನಗರವನ್ನೂ ಚನ್ನಪಟ್ಟಣವನ್ನೂ ಬದಿಗೆ ಬಿಟ್ಟು ಹೋಗುತ್ತದೆ. ಹಳೇ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದು ಕಡಿಮೆಯಾಯಿತು. ಮೇಲೆ ಹೋಗುವವರಿಗೆ ಚನ್ನಪಟ್ಟಣ ಎಂದರೆ ಈಗ ಒಂದು ಹಸಿರು ಬೋರ್ಡು.

ಇದನ್ನು ಹೇಳುವುದಕ್ಕೆ ಕಾರಣವಿದೆ. ಹಿಂದೆ ಹಾಲು ಮೊಸರಿಡುವ ಜಾಲರಿ ಕಪಾಟಿಗೆ ಒಂದು ಮರದ ತುಂಡು ಇರುತ್ತಿತ್ತು. ಚೌಕಟ್ಟಿಗೆ ಒಂದೇ ಸ್ಕ್ರೂನಲ್ಲಿ ಕೂತು, ಬೆರಳಲ್ಲಿ ತಿರುಗಿಸಿದರೆ ಬಾಗಿಲಿಗೆ ಅಡ್ಡ ಬರುತ್ತಿತ್ತು. ಬೆಕ್ಕು ಅದನ್ನು ಗೆದ್ದದ್ದು ನಾನು ಕಾಣೆ. ಒಂದು ತುದಿ ದಪ್ಪ ಮಾಡಿ, ಆ ತೂಕ ಕೆಳಕ್ಕೆ ಜೋತಾಗ ಬಾಗಿಲಿಗೆ ಅಡ್ಡವಾಗುವ ಹಾಗೆ ಕೂರಿಸಿದರೆ ಗಾಡಿ ಎಷ್ಟು ಅದುರಿದರೂ ಅದು ಮುಚ್ಚಿದ ಕಡೆಗೇ ವಾಲುತ್ತದೆ. ಚನ್ನಪಟ್ಟಣದ ಚರಕಿಯಲ್ಲಿ ಇದನ್ನು ಕಡೆಯುವುದು ಮಕ್ಕಳಾಟ. ಹಾಲೆ ಮರದ ತುಂಡು ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಹಳದಿಯೋ ಕೆಂಪೋ ಮರಕ್ಕೆ ಹತ್ತುತ್ತದೆ, ಮೇಲೆ ತಾಳೆಗರಿ ಹಿಡಿದರೆ ಹೊಳಪು. ಭೌಗೋಳಿಕ ಸೂಚಕ ಪಡೆದ ಈ ಕಸುಬಿನ ಊರನ್ನು ದಾಟಿಕೊಂಡೇ ಷಡ್ಡಕರು ಮೊಬೈಲಿನಲ್ಲಿ ಪರದೇಶದ ಪ್ಲಾಸ್ಟಿಕ್ ಲಾಕು ತರಿಸಿದರು. ಎರಡು ಆಗಲೇ ಮುರಿದಿವೆ.

ರಸ್ತೆ ಮಾಡುವವರಲ್ಲಿ ಒಂದು ವಿನಂತಿ: ಹಂಪ್ಸ್ ಹಾಕಿ, ಅಳತೆ ಹಿಡಿದು ಹಾಕಿ, ವರ್ಷಕ್ಕೊಮ್ಮೆಯಾದರೂ ಬಣ್ಣ ಬಳಿಯಿರಿ. ಓದುಗರಲ್ಲಿ ಇನ್ನೊಂದು: ಮೈಸೂರಿಗೆ ಹೊರಟಾಗ ಚನ್ನಪಟ್ಟಣದ ಹತ್ತಿರ ಹೆದ್ದಾರಿ ಬಿಟ್ಟು ಹಳೇ ರಸ್ತೆಗೆ ಇಳಿಯಿರಿ, ಗೊಂಬೆಯ ಜೊತೆಗೆ ಕಪಾಟಿಗೆ ನಾಲ್ಕು ಮರದ ತುಂಡು ಕಡೆದುಕೊಡಿ ಎಂದು ಕೇಳಿ. ಇಳಿಯುವ ಮುಂಚೆ ಟ್ಯೂಬ್ ಕಟ್ಟಿಕೊಳ್ಳಿ, ಆ ರಸ್ತೆಯಲ್ಲಿ ಹಂಪ್ಸ್ ಇವೆ.