ಸ್ಥಾವರವೋ, ಜಂಗಮವೋ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಎಚ್ಚರಿಸಿದ ನಮ್ಮ ಹಿರಿಯರು ವಾಹನ ಕೊಂಡು ನೋಡು ಎಂಬ ಮೂರನೆಯ ಮಾತನ್ನು ಸೇರಿಸದೆ ಹೋದುದಕ್ಕೆ, ಅವರ ಕಾಲದ ವಾಹನಗಳಿಗೆ ಕಟ್ಟುತ್ತಿದ್ದ ಎತ್ತುಗಳು ಹಾದಿಯನ್ನು ತಾವೇ ಬಲ್ಲವಾಗಿದ್ದು, ಯಜಮಾನನು ಗಾಡಿಯಲ್ಲಿ ನಿದ್ರೆಹೋದರೂ ಅವನನ್ನು ಮನೆಯಂಗಳಕ್ಕೇ ತಂದಿಳಿಸುತ್ತಿದ್ದುದೇ ಕಾರಣವಿರಬೇಕು. ನಮ್ಮ ಮನೆಯಲ್ಲಿ ಕಾರಿನ ಬಣ್ಣವು ಅರ್ಧ ತಾಸಿನಲ್ಲಿ ತೀರ್ಮಾನವಾಯಿತು; ಬ್ಯಾಂಕಿನ ಸಾಲವು ಎರಡು ದಿನಗಳಲ್ಲಿ ಮಂಜೂರಾಯಿತು; ಆದರೆ ಹಾದಿ ತೋರುವ ಯಂತ್ರವು ಕಾರ್ಖಾನೆಯಲ್ಲಿಯೇ ಕಾರಿನ ಎದೆಗೆ ಕೂಡಿಸಿದ್ದಾಗಿರಬೇಕೋ, ಅಥವಾ ಜೇಬಿನಲ್ಲಿ ಹೊತ್ತು ತಂದು ಗಾಜಿಗೆ ಅಂಟಿಸುವಂಥದಾದರೆ ಸಾಕೋ ಎಂಬ ಪ್ರಶ್ನೆ ಮಾತ್ರ ಮೂರು ವಾರಗಳ ಕಾಲ ನಮ್ಮ ಊಟ, ಚಹಾ, ನಿದ್ರೆಗಳನ್ನು ಆಕ್ರಮಿಸಿಕೊಂಡಿತು.

ಸ್ಥಾವರ ಜಂಗಮಗಳ ತಾರತಮ್ಯವನ್ನು ಕಲ್ಯಾಣದ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಇತ್ಯರ್ಥಗೊಳಿಸಿದ್ದರು. ಆ ಕಲ್ಯಾಣವಾದರೋ ಇಂದಿನ ಬೀದರ ಜಿಲ್ಲೆಯಲ್ಲಿ, ಹೈದರಾಬಾದಿನ ನಮ್ಮ ಕಾಚಿಗುಡದ ಮನೆಯಿಂದ ಅರ್ಧ ದಿನದೊಳಗೆ ಮುಟ್ಟಬಹುದಾದಷ್ಟು ಸಮೀಪದಲ್ಲಿಯೇ ಇದೆ. ಆದರೂ ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಉದ್ಯೋಗಿಯಾದ ನನ್ನ ಮಗನು ಸ್ಥಾವರಪಕ್ಷವನ್ನು ಹಿಡಿದನು. ಮೈಸೂರಿನವಳಾದ ನನ್ನಾಕೆ, ಕೈಯಲ್ಲಿ ಫೋನಿರುವಾಗ ಇನ್ನೊಂದಕ್ಕೆ ದುಡ್ಡು ಸುರಿಯುವುದು ಅವಿವೇಕವೆಂದು ಜಂಗಮಪಕ್ಷಕ್ಕೆ ಸೇರಿದಳು. ನಾನು ಗೃಹಶಾಂತಿಯ ಹಿತದೃಷ್ಟಿಯಿಂದ ಇಬ್ಬರ ಮಾತಿಗೂ ತಲೆದೂಗುತ್ತಿದ್ದೆನು. ಎಂಬತ್ತೇಳರ ವಯಸ್ಸಿನ ನಮ್ಮ ಅವ್ವ ಮಾತ್ರ, "ಕಾಲಿದ್ದವರು ನಡದು ಹೋಗ್ತಾರ, ಬಾಯಿದ್ದವರು ಕೇಳಿ ಹೋಗ್ತಾರ; ಇದರಾಗ ಡಬ್ಬಿಗೇನು ಕೆಲಸ ತಮ್ಮಾ?" ಎಂದು ಕೇಳಿ, ಅಡಿಕೆ ಕತ್ತರಿಸುವುದನ್ನು ಮುಂದುವರಿಸಿದಳು.

ಇಲ್ಲಿ ಅವ್ವನ ವಿಷಯವಾಗಿ ಒಂದು ಮಾತು ಹೇಳದೆ ಮುಂದೆ ಸಾಗುವಂತಿಲ್ಲ. ನಮ್ಮನ್ನು ಹೊರನಾಡ ಕನ್ನಡಿಗರೆಂದು ಸಭೆಗಳಲ್ಲಿ ಹಾರ ಹಾಕಿ ಕರೆಯುವವರುಂಟು. ಆದರೆ ನಾವು ನಾಡನ್ನು ಬಿಟ್ಟು ಹೊರಟ ದಿನ ಯಾವುದೆಂದು ಕೇಳಿದರೆ ಉತ್ತರವಿಲ್ಲ. ಅವ್ವ 1955ರಲ್ಲಿ ಗುಲ್ಬರ್ಗದಿಂದ ವಾಡಿಯ ಮಾರ್ಗವಾಗಿ ರೈಲಿನಲ್ಲಿ ಮದುವಣಗಿತ್ತಿಯಾಗಿ ಬಂದಿಳಿದಾಗ ತವರೂ ಅತ್ತೆಯ ಮನೆಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಮರುವರ್ಷ ನವೆಂಬರ್ 1ರ ಬೆಳಗ್ಗೆ, ಆಕೆ ಎಂದಿನಂತೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಾಗಲೇ, ತವರು ಮೈಸೂರು ರಾಜ್ಯಕ್ಕೂ ಅಂಗಳ ಆಂಧ್ರಪ್ರದೇಶಕ್ಕೂ ಸೇರಿಹೋದವು. 1973ರಲ್ಲಿ ತವರಿನ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. 2014ರ ಜೂನಿನಲ್ಲಿ ಈ ಅಂಗಳವು ತೆಲಂಗಾಣದ್ದಾಯಿತು. ಅದೇ ವರ್ಷದ ನವೆಂಬರಿನಲ್ಲಿ ಗುಲ್ಬರ್ಗವು ಕಲಬುರಗಿಯಾಯಿತು. ಇಷ್ಟೆಲ್ಲ ಆದರೂ ನಮ್ಮ ಒರಳುಕಲ್ಲು ಒಂದಂಗುಲ ಕದಲಿಲ್ಲ.

ಇನ್ನು ಪ್ರಕೃತಕ್ಕೆ ಬರೋಣ. ಷೋರೂಮಿನ ತರುಣನು ದಖ್ಖನಿ, ತೆಲುಗು, ಇಂಗ್ಲಿಷುಗಳನ್ನು ಒಂದೇ ವಾಕ್ಯದಲ್ಲಿ ಬೆರೆಸಿ ಸ್ಥಾವರಯಂತ್ರದ ಮಹಿಮೆಯನ್ನು ವರ್ಣಿಸಿದ ರೀತಿ ಯಾವ ಕೀರ್ತನಕಾರನಿಗೂ ಕಡಮೆಯಾಗಿರಲಿಲ್ಲ. ಇಪ್ಪತ್ತು ಸಾವಿರ ಕಿಲೋಮೀಟರುಗಳ ಎತ್ತರದಲ್ಲಿ ಸುತ್ತುತ್ತಿರುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಜ್ಞೆ ದೊರೆತರೆ ನಾವು ಭೂಮಿಯ ಮೇಲೆ ಎಲ್ಲಿದ್ದೇವೆಂಬುದು ತಿಳಿಯುತ್ತದೆಂಬುದು ಎರಡು ಪಕ್ಷಗಳಿಗೂ ಸಮಾನವಾದ ವಿಚಾರ. ಆದರೆ ಸುರಂಗದೊಳಗೆ ಆ ಸಂಜ್ಞೆ ಕಡಿದುಹೋದಾಗ ಫೋನು ಕಕ್ಕಾಬಿಕ್ಕಿಯಾಗುವುದೆಂದೂ, ಒಳಗೆ ಕೂಡಿಸಿದ ಯಂತ್ರವು ಚಕ್ರ ಎಷ್ಟು ಸುತ್ತು ತಿರುಗಿತು, ಕಾರು ಯಾವ ಮಗ್ಗುಲಿಗೆ ಹೊರಳಿತು ಎಂದು ಲೆಕ್ಕವಿಟ್ಟು, ಕಣ್ಣು ಮುಚ್ಚಿಕೊಂಡೇ ಮನೆಯೊಳಗೆ ನಡೆದಾಡುವ ಹಿರಿಯರಂತೆ ಹಾದಿಯನ್ನು ಊಹಿಸಿಕೊಳ್ಳುವುದೆಂದೂ ಅವನು ವಿವರಿಸಿದನು. ಇದು ಸುಳ್ಳೂ ಅಲ್ಲ. 1981ರಲ್ಲಿ ಜಪಾನಿನ ಹೊಂಡಾ ಕಂಪನಿಯು ಮೊದಲ ಬಾರಿಗೆ ಕಾರಿನಲ್ಲಿ ಇಂಥ ಯಂತ್ರವನ್ನು ಇರಿಸಿದಾಗ ಅದು ಯಾವ ಉಪಗ್ರಹದ ಹಂಗೂ ಇಲ್ಲದೆ, ಪಾರದರ್ಶಕ ಹಾಳೆಯ ನಕ್ಷೆಯನ್ನು ತೆರೆಯ ಮುಂದೆ ಇರಿಸಿಕೊಂಡು, ಇದೇ ಲೆಕ್ಕಾಚಾರದಿಂದಲೇ ಕೆಲಸ ಮಾಡುತ್ತಿದ್ದಿತು.

"ಹಾಗಾದರೆ ಆ ಯಂತ್ರವೊಂದನ್ನು ಹಾಕಿಕೊಡಿ" ಎಂದೆನು. ತರುಣನು ನಕ್ಕನು. ಯಂತ್ರವನ್ನು ಒಂದಾಗಿ ಮಾರುವ ಪದ್ಧತಿಯಿಲ್ಲವಂತೆ. ಅದು ಬೇಕಾದರೆ ಟಾಪ್ ಮಾಡೆಲನ್ನೇ ಕೊಳ್ಳಬೇಕು. ಟಾಪ್ ಮಾಡೆಲ್ ಕೊಂಡರೆ ಚರ್ಮದ ಆಸನಗಳೂ, ಹೊಳೆಯುವ ಗಾಲಿಗಳೂ, ಛಾವಣಿಯಲ್ಲಿ ತೆರೆದು ಮುಚ್ಚುವ ಕಿಂಡಿಯೊಂದೂ ಕೂಡಿಯೇ ಬರುತ್ತವೆ. ವರನಿಗೆ ಕನ್ಯೆ ಒಪ್ಪಿಗೆಯಾದ ಮೇಲೆ ಆಕೆಯ ಮೂವರು ಸೋದರಮಾವಂದಿರೂ ಅದೇ ಮನೆಯಲ್ಲಿ ಬಂದು ನೆಲಸುತ್ತಾರೆಂದು ತಿಳಿಸಿದರೆ ಹೇಗಾದೀತೋ ಹಾಗಾಯಿತು. ತಾಪಮಾನವು 42 ಡಿಗ್ರಿಗೆ ಏರುವ ಮೇ ತಿಂಗಳಿನ ಹೈದರಾಬಾದಿನಲ್ಲಿ ನೆತ್ತಿಯ ಮೇಲೆ ಕಿಂಡಿ ಕೊರೆಸಿಕೊಳ್ಳಲು ಲಕ್ಷಾಂತರ ರೂಪಾಯಿ ತೆರುವ ಬುದ್ಧಿವಂತಿಕೆಯನ್ನು ನನ್ನಾಕೆ ಮೈಸೂರಿನ ಮೃದುಭಾಷೆಯಲ್ಲಿಯೇ ಖಂಡಿಸಿದಳು: "ಏನ್ರೀ, ನಮ್ಮನೇಲಿ ಮಳೆಗಾಲದಲ್ಲಿ ಸೋರೋ ಛಾವಣಿಗೇ ಇನ್ನೂ ಟಾರು ಹಾಕ್ಸಿಲ್ಲ."

ಜಂಗಮಪಕ್ಷವೂ ನಿರ್ದೋಷಿಯಲ್ಲ. ಫೋನನ್ನು ಹಿಡಿದು ನಿಲ್ಲಿಸುವ ಹೋಲ್ಡರಿನ ರಬ್ಬರು ಬಟ್ಟಲು, ಗಾಜಿಗೆ ಅಂಟಿಕೊಂಡಿರುವುದು ತನ್ನ ಇಷ್ಟದಂತೆಯೇ ಹೊರತು ನಮ್ಮ ಇಷ್ಟದಂತೆ ಅಲ್ಲ. ಚಾಲಕನು ಫೋನು ಬಳಸುವುದಾದರೆ ಗಮನ ಕದಡದಂತೆ ಹಾದಿ ನೋಡುವುದಕ್ಕೆ ಮಾತ್ರವೆಂದು 2020ರ ಅಕ್ಟೋಬರಿನಿಂದ ನಿಯಮವೂ ಇದೆ. ಆದರೆ ಸರಿಯಾಗಿ ತಿರುವು ಬರುವ ಹೊತ್ತಿಗೇ ಬೀಗರ ಕರೆ ಬಂದು ನಕ್ಷೆಯನ್ನು ಮುಚ್ಚಿಬಿಟ್ಟರೆ ನಿಯಮವೇನು ಮಾಡೀತು? ಜಂಗಮಕ್ಕಿರುವ ನಿಜವಾದ ಬಲವೆಂದರೆ ಅದರ ನಕ್ಷೆ ಮುಪ್ಪಾಗದು, ದಿನದಿನವೂ ತಾನಾಗಿ ಹೊಸದಾಗುತ್ತದೆ. ಸ್ಥಾವರದ ನಕ್ಷೆಯಾದರೋ ಅನೇಕ ಕಾರುಗಳಲ್ಲಿ ಯಾರಾದರೂ ನೆನಪಿಟ್ಟು ಹೊಸದನ್ನು ತುಂಬಿಸುವವರೆಗೆ, ಕೊಂಡ ದಿನದ ಲೋಕವನ್ನೇ ಲೋಕವೆಂದು ನಂಬಿ ಕುಳಿತಿರುತ್ತದೆ.

ವಾದದಿಂದ ತೀರದ್ದನ್ನು ಪ್ರತ್ಯಕ್ಷ ಪ್ರಮಾಣದಿಂದ ತೀರಿಸಬೇಕೆಂದು ಮಗನು ಒಂದು ಪರೀಕ್ಷೆ ಏರ್ಪಡಿಸಿದನು. ಮೇ ತಿಂಗಳಿನ ಒಂದು ಭಾನುವಾರ ಅತ್ತಾಪುರದಲ್ಲಿ ಬಂಧುಗಳ ಮನೆಯ ಉಪನಯನವಿದ್ದಿತು. ಸ್ಥಾವರಯಂತ್ರವುಳ್ಳ ಗೆಳೆಯನ ಕಾರನ್ನು ಬೇಡಿ ತಂದು, ಅದೇ ಕಾರಿನ ಗಾಜಿಗೆ ತನ್ನ ಫೋನನ್ನೂ ಅಂಟಿಸಿ, ಎರಡನ್ನೂ ಒಟ್ಟಿಗೆ ಪರೀಕ್ಷೆಗೆ ಕೂಡಿಸಿದನು. ಮೊಣಕಾಲು ನೋವಿನ ಅವ್ವ ಮುಂದಿನ ಆಸನದಲ್ಲಿ, ಹಿಂದೆ ನಾವಿಬ್ಬರು. ಆಮಂತ್ರಣಪತ್ರಿಕೆಯಲ್ಲಿ ವಿಳಾಸವಾಗಿ ಇದ್ದುದು ಒಂದೇ ಮಾತು: ಪಿಲ್ಲರ್ ನಂಬರ್ 143ರ ಎದುರು.

ಹೈದರಾಬಾದನ್ನು ಅರಿಯದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಮೆಹದಿಪಟ್ಟಣದಿಂದ ಆರಾಂಘರ್‌ವರೆಗೆ 11.6 ಕಿಲೋಮೀಟರು ಉದ್ದಕ್ಕೆ, 2009ರಲ್ಲಿ ತೆರೆದ ಪಿ. ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಎಂಬ ಮೇಲುರಸ್ತೆಯಿದೆ. ಅದನ್ನು ಹೊತ್ತು ನಿಂತ ಕಂಬಗಳಿಗೆ ಎಂಜಿನಿಯರುಗಳು ತಮ್ಮ ಅನುಕೂಲಕ್ಕೆಂದು ಬರೆದ ಅಂಕಗಳೇ ಕೆಳಗಿನ ಜನಕ್ಕೆ ವಿಳಾಸಗಳಾಗಿವೆ. ದವಾಖಾನೆ, ಬಿರಿಯಾನಿ ಹೋಟೆಲು, ಮದುವೆಯ ಮಂಟಪ ಎಲ್ಲವೂ ಒಂದೊಂದು ಕಂಬವನ್ನು ಆಶ್ರಯಿಸಿವೆ. ಊರಿನ ಉಳಿದ ಗುರುತುಗಳಿಗೆ ಹೋಲಿಸಿದರೆ ಕಂಬಗಳು ಎಷ್ಟೋ ಪ್ರಾಮಾಣಿಕವಾದವು. ಕಾಚಿಗುಡದಿಂದ ಹೊರಟ ನಾವು ಲಕ್ಡೀ ಕಾ ಪೂಲನ್ನು ದಾಟಿದೆವು. ಅಲ್ಲಿ ಕಟ್ಟಿಗೆಯ ಸೇತುವೆಯಿಲ್ಲ. ಮಾಸಾಬ್ ಟ್ಯಾಂಕನ್ನು ದಾಟಿದೆವು. ಕೆರೆಯಿದ್ದಲ್ಲಿ ಈಗ ಉದ್ಯಾನವಿದೆ. ಇಲ್ಲದ ಸೇತುವೆಯಿಂದ ಇಲ್ಲದ ಕೆರೆಗೆ ಎರಡು ಯಂತ್ರಗಳೂ ಏಕಕಂಠದಿಂದ, ಒಂದು ಇಂಗ್ಲಿಷಿನಲ್ಲಿ, ಇನ್ನೊಂದು ಕನ್ನಡದಲ್ಲಿ, ನಮ್ಮನ್ನು ತಪ್ಪಿಲ್ಲದೆ ಕರೆತಂದವೆಂಬುದನ್ನು ಕೃತಜ್ಞತೆಯಿಂದ ಒಪ್ಪಲೇಬೇಕು.

ಮೆಹದಿಪಟ್ಟಣದಲ್ಲಿ ಅವುಗಳ ದಾಂಪತ್ಯ ಮುರಿಯಿತು. ಒಂದು ನೇರ ಹೋಗೆಂದಿತು, ಇನ್ನೊಂದು ಎಡಕ್ಕೆ ಸರಿಯೆಂದಿತು, ಅವ್ವ "ಯಾರನ್ನರ ಕೇಳೋ ಮಗಾ" ಎಂದಳು; ಮೂವರ ನಡುವೆ ಸಿಕ್ಕಿದ ಮಗನು ಮೇಲುರಸ್ತೆಯನ್ನು ಹತ್ತಿಬಿಟ್ಟನು. ಇಪ್ಪತ್ತು ಸಾವಿರ ಕಿಲೋಮೀಟರು ಮೇಲಿಂದ ನೋಡುವ ಉಪಗ್ರಹಕ್ಕೆ, ಒಂದೇ ರೇಖೆಯಲ್ಲಿ ಒಂದರ ಮೇಲೊಂದಿರುವ ಎರಡು ರಸ್ತೆಗಳಲ್ಲಿ ನಾವು ಯಾವುದರಲ್ಲಿದ್ದೇವೆಂಬ ಹತ್ತಿಪ್ಪತ್ತು ಅಡಿಗಳ ಅಂತರ ಎಲ್ಲಿಯ ಲೆಕ್ಕ? ನಾವು ಕೆಳಗಿದ್ದೇವೆಂದೇ ನಂಬಿದ ಫೋನು, "ಬಲಕ್ಕೆ ತಿರುಗಿ" ಎಂದು ಸ್ವಚ್ಛವಾದ ಕನ್ನಡದಲ್ಲಿ ಆಜ್ಞಾಪಿಸಿತು. ಬಲಕ್ಕೆ ಇದ್ದುದು ಮೇಲುರಸ್ತೆಯ ತಡೆಗೋಡೆ, ಅದರಾಚೆಗೆ ಆಕಾಶ. ಕಂಬದ ಅಂಕವನ್ನಾದರೂ ನೋಡೋಣವೆಂದರೆ, ಕಂಬದ ತಲೆಯ ಮೇಲೆ ಕುಳಿತವನಿಗೆ ಅದರ ಹಣೆಬರಹ ಕಾಣುವುದೆಂತು? ನೂರನಲವತ್ತಮೂರನೆಯ ಕಂಬ ನಮ್ಮನ್ನು ಹೊತ್ತು ದಾಟಿಸಿದ್ದು ನಮಗೆ ತಿಳಿಯಲೇ ಇಲ್ಲ. ಅಷ್ಟರಲ್ಲಿ ಗಾಜಿನ ಬಿಸಿಲಿಗೆ ಬೆಂದ ಫೋನು ತನಗೆ ತಾಪ ಹೆಚ್ಚಾಗಿದೆಯೆಂದು ಬರೆದು ಕಣ್ಣುಮುಚ್ಚಿತು. ರಬ್ಬರು ಬಟ್ಟಲು ಕೈಬಿಟ್ಟಿತು. ಜಂಗಮವು ಹೋಲ್ಡರು ಸಮೇತ ಅವ್ವನ ಮಡಿಲಿಗೆ ಬಿದ್ದಿತು. ಸ್ಥಾವರವು ಹೊಸ ಹಾದಿಯನ್ನು ಲೆಕ್ಕ ಹಾಕುತ್ತಿರುವೆನೆಂದು ಆರಾಂಘರ್‌ವರೆಗೂ ಹೇಳುತ್ತಲೇ ಇದ್ದಿತು.

ಆರಾಂಘರಿನಲ್ಲಿ ಇಳಿದು, ಹೊರಳಿ, ಕೆಳಗಿನ ರಸ್ತೆಯಿಂದ ಮರಳಿ ಬರುವಾಗ ನನ್ನಾಕೆ ಕಿಟಕಿಗೆ ಮುಖವಿಟ್ಟು ಕಂಬಗಳನ್ನು ಓದತೊಡಗಿದಳು: "ನೂರಾ ಅರವತ್ತೆರಡು... ಅರವತ್ತೊಂದು... ಇದರ ಮೇಲೆ ಸಿನಿಮಾ ಪೋಸ್ಟರ್ ಅಂಟ್ಸಿದಾರೆ ಕಣ್ರೀ, ಕಾಣಲ್ಲ... ಐವತ್ತೊಂಬತ್ತು..." ಮುಂದೆ, ತಂಪುಗಾಳಿಯ ಕಿಂಡಿಯೆದುರು ಸೆರಗಿನಲ್ಲಿ ಹಿಡಿದಿದ್ದ ಫೋನು ಚೇತರಿಸಿಕೊಂಡು ಮತ್ತೆ ನಕ್ಷೆಯನ್ನು ತೆರೆಯಿತು. ಅವ್ವ ಕನ್ನಡಕವನ್ನು ಹಣೆಗೇರಿಸಿ ಅದನ್ನು ಬಹಳ ಹೊತ್ತು ನೋಡಿದಳು.

"ಏ ಮಗಾ, ಈ ನೀಲಿ ಬಾಣ ಯಾರು?"

"ನಾವೇ, ಆಯಿ."

"ನಾವೇನೂ ಹಂದಾಡವಲ್ಲಿವಲ್ಲೋ. ನಾವು ನಡುವ ಕುಂತಲ್ಲೇ ಕುಂತೀವಿ, ನಕ್ಷಾನೇ ಓಡಲತ್ತದ."

"ಹಾಂಗ ಕಾಣ್ತದಷ್ಟೇ, ಆಯಿ. ಖರೇ ಓಡೋದು ನಾವು."

"ನಿನಗ ತಿಳೀವಲ್ದು," ಎಂದಳು ಅವ್ವ, ತೆರೆಯ ಮೇಲಿನಿಂದ ಕಣ್ಣು ತೆಗೆಯದೆ. "ಇದಕ್ಕ ಖರೇ ಗೊತ್ತದ."

ಮರುದಿನ ಛಾವಣಿಯಲ್ಲಿ ಕಿಂಡಿಯಿಲ್ಲದ, ಎದೆಯಲ್ಲಿ ನಕ್ಷೆಯಿಲ್ಲದ ಮಧ್ಯಮ ಮಾದರಿಯ ಕಾರಿಗೆ ಮುಂಗಡ ಕೊಟ್ಟು ಬಂದೆವು. ಟಾಪ್ ಮಾಡೆಲ್ ಕೈತಪ್ಪಿದ ದುಃಖವನ್ನು ನುಂಗಿಕೊಂಡ ಷೋರೂಮಿನ ತರುಣನು ಔದಾರ್ಯದಿಂದ ಒಂದು ಫೋನ್ ಹೋಲ್ಡರನ್ನು ಪುಕ್ಕಟೆಯಾಗಿ ಮುಂದಿರಿಸಿದನು. ಮಗನು ಅದನ್ನು ವಿನಯದಿಂದ ಹಿಂದಕ್ಕೆ ಸರಿಸಿದನು.

"ಹೋಲ್ಡರ್ ನಕ್ಕೋ ಭಾಯಿ," ಎಂದನು, "ದಾದೀ ಹೈ."